ಓದುಗರ ಪ್ರಶ್ನೆ: ಯುರೋಪಿನಲ್ಲಿ ನಾಲ್ವರಿಗೆ ಒಂದು ರೂಮು

ಕಾಫಿ ಮಾರಿ ಕೈಗೆ ಹಣ ಬರುವ ಹೊತ್ತಿಗೇ ಶಾಲೆಗಳಿಗೂ ರಜೆ. ಹಾಗಾಗಿ ಈ ಸಲ ಕೊಡಗಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಮಕ್ಕಳು, ಹಿರಿಯರ ಜೊತೆ ಯುರೋಪಿಗೆ ಹೋದರೆ ಜೇಬಿಗೆ ಭಾರವಾಗದಂತೆ ಎಲ್ಲಿ ಉಳಿಯಬೇಕು? ಒಂದೇ ತೆರನ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಗಂಡ ಹೆಂಡತಿ, 11 ವರ್ಷದ ಮಗ, 6 ವರ್ಷದ ಮಗಳು. ಪ್ಯಾರಿಸ್‌ನಲ್ಲಿ ಇಬ್ಬರಿಗೆಂದು ಹುಡುಕಿದರೆ 110 ಯೂರೊಗೆ ಡಬಲ್ ರೂಂ ಸಿಗುತ್ತದೆ. ನಾಲ್ವರು ಎಂದು ಹಾಕಿದ ಕೂಡಲೇ 190ಕ್ಕೆ ಏರುತ್ತದೆ. ಮಕ್ಕಳು ಹೇಗೂ ನಮ್ಮ ಜೊತೆಯಲ್ಲೇ ಮಲಗುತ್ತಾರೆ. ಇಬ್ಬರಿಗೆ ಬುಕ್ ಮಾಡಿ ನಾಲ್ವರು ಹೋದರೆ ಏನು ತೊಂದರೆ?
– ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ನಮ್ಮ ಹೋಂಸ್ಟೇಗಳಲ್ಲಿ ಹೆಚ್ಚಿಗೆ ಇಬ್ಬರು ಬಂದರೆ ನೆಲಕ್ಕೊಂದು ಹಾಸಿಗೆ ಹಾಕಿಕೊಡುತ್ತಾರೆ, ಬೆಳಿಗ್ಗೆ ಎರಡು ತಟ್ಟೆ ಜಾಸ್ತಿ ಇಡುತ್ತಾರೆ. ಅಲ್ಲಿ ಒಂದೊಂದು ರೂಮಿಗೂ ಬೆಂಕಿ ಸುರಕ್ಷತೆಯ ಲೆಕ್ಕದಲ್ಲಿ ಇಷ್ಟೇ ಜನ ಎಂದು ನಿಗದಿಯಾಗಿರುತ್ತದೆ. ಮಗುವೂ ಒಬ್ಬ ಮನುಷ್ಯನೇ. ರಿಸೆಪ್ಷನ್‌ನಲ್ಲಿ ಕೂತವರಿಗೆ ಮನಸ್ಸಿದ್ದರೂ ಬಿಡಲು ಬರುವುದಿಲ್ಲ. ಆಗ ಉಳಿಯುವುದು ಎರಡು ದಾರಿ. ಅವತ್ತಿನ ದರಕ್ಕೆ ಎರಡನೇ ರೂಂ ತೆಗೆದುಕೊಳ್ಳುವುದು, ಇಲ್ಲವೇ ಕಟ್ಟಿದ ಹಣ ಬಿಟ್ಟು ಸೂಟ್‌ಕೇಸ್ ಎಳೆದುಕೊಂಡು ಬೇರೆ ಹೋಟೆಲ್ ಹುಡುಕುವುದು. ಅವತ್ತಿನ ದರದಲ್ಲಿ ಎರಡೂ ರೂಂ ಸೇರಿದರೆ ನೀವು ಮನೆಯಲ್ಲಿ ಕೂತು ನೋಡಿದ 190ಕ್ಕಿಂತ ಮೇಲೆಯೇ ಆಗುತ್ತದೆ.

ಬಿಟ್ಟರು ಎಂದೇ ಇಟ್ಟುಕೊಳ್ಳಿ, ಜಾಗ ಎಲ್ಲಿದೆ? ಫ್ರಾನ್ಸ್‌ನಲ್ಲಿ ಒಂದು, ಎರಡು ನಕ್ಷತ್ರದ ಹೋಟೆಲಿನ ಡಬಲ್ ರೂಮಿಗೆ 9 ಚದರ ಮೀಟರ್ ಇದ್ದರೆ ಸಾಕು. ಅಂದರೆ ಹತ್ತಡಿ ಉದ್ದ, ಅಗಲ ಹತ್ತಡಿಗೆ ತುಸು ಕಡಿಮೆ. ಮಂಚ ಬಹಳ ಕಡೆ 140 ಸೆಂಟಿಮೀಟರ್, ಅಂದರೆ ನಾಲ್ಕೂವರೆ ಅಡಿಯಷ್ಟೇ. ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ಬಾತ್‌ರೂಂ ಬಾಗಿಲು ತೆಗೆಯುವುದಕ್ಕೂ ಆಗುವುದಿಲ್ಲ. ಜರ್ಮನಿ, ಆಸ್ಟ್ರಿಯಾದಲ್ಲಿ ಮಂಚ ಅಗಲವೇ, ಆದರೆ ಒಂದೇ ಚೌಕಟ್ಟಿನಲ್ಲಿ ಎರಡು ಪ್ರತ್ಯೇಕ ಹಾಸಿಗೆ, ಎರಡು ಪ್ರತ್ಯೇಕ ರಜಾಯಿ. ನಡುವೆ ಮಲಗಿಸಿದ ಮಗು ರಾತ್ರಿಯಿಡೀ ಸಂದಿನಲ್ಲೇ ಇರುತ್ತದೆ.

ಹಾಗಾಗಿ ಮೊದಲಿನಿಂದಲೇ ನಾಲ್ವರು ಎಂದು, ಮಕ್ಕಳ ನಿಜವಾದ ವಯಸ್ಸು ಹಾಕಿಯೇ ಹುಡುಕಿ. ಬುಕಿಂಗ್ ಮಾಡುವ ದಿನದ ವಯಸ್ಸಲ್ಲ, ಅಲ್ಲಿ ಉಳಿಯುವ ದಿನದ ವಯಸ್ಸು. ಒಂದು ಕಡೆ 'ಮಗು' ಎಂದರೆ 2 ವರ್ಷದೊಳಗೆ, ಇನ್ನೊಂದು ಕಡೆ 12, ಮತ್ತೊಂದು ಕಡೆ 16. ನಿಮ್ಮ 11ರ ಮಗನಿಗೆ ಈ ವ್ಯತ್ಯಾಸ ನೂರಾರು ಯೂರೊ ಬೆಲೆಯದ್ದು. ನೊವೊಟೆಲ್‌ನಲ್ಲಿ 16 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ತಂದೆ ತಾಯಿಯ ರೂಮಿನಲ್ಲೇ ಉಳಿಯಲು ಬಾಡಿಗೆಯಿಲ್ಲ, ತಿಂಡಿಗೂ ಹಣವಿಲ್ಲ. ಹೆಸರು ದೊಡ್ಡದು ಎಂದು ಹಲವರು ಅದನ್ನು ನೋಡುವುದೇ ಇಲ್ಲ. ನಾಲ್ವರ ತಿಂಡಿಯ ಲೆಕ್ಕ ಸೇರಿಸಿದರೆ ಅಗ್ಗದ ಹೋಟೆಲಿನ ಎರಡು ರೂಮಿಗಿಂತ ಅದೇ ಕಡಿಮೆಗೆ ಬರುವುದುಂಟು. ಮೈನಿಂಗರ್ ಎಂಬ ಹೆಸರಿನವು ಹೋಟೆಲೂ ಹೌದು, ಹಾಸ್ಟೆಲೂ ಹೌದು. ಅವುಗಳಲ್ಲಿ ನಾಲ್ಕು ಹಾಸಿಗೆಯ ಕುಟುಂಬದ ರೂಂ, ಒಳಗೇ ಬಾತ್‌ರೂಂ, ಕೆಳಗೆ ಎಲ್ಲರಿಗೂ ಸೇರಿದ ಅಡುಗೆಮನೆ ಇರುತ್ತದೆ. ಬರ್ಲಿನ್, ವಿಯೆನ್ನಾದಲ್ಲಿ ಮುಖ್ಯ ರೈಲು ನಿಲ್ದಾಣದ ಹತ್ತಿರವೇ ಇವೆ. ಲಂಡನ್ ಕೂಡ ಇದ್ದರೆ ಪ್ರೀಮಿಯರ್ ಇನ್ ನೋಡಿ. ಅಲ್ಲಿ ಫ್ಯಾಮಿಲಿ ರೂಮಿನಲ್ಲಿ ಇಬ್ಬರು ಹಿರಿಯರು, ಇಬ್ಬರು ಮಕ್ಕಳಿಗೆ ಜಾಗವಿದೆ, ಒಬ್ಬ ಹಿರಿಯರು ಹಣ ಕೊಟ್ಟು ತಿಂಡಿ ತಿಂದರೆ 16ರೊಳಗಿನ ಇಬ್ಬರು ಮಕ್ಕಳಿಗೆ ತಿಂಡಿ ಉಚಿತ.

ಫೋಟೊ ನೋಡಿ ಮರುಳಾಗಬೇಡಿ, 'ಹಾಸಿಗೆ' ಎಂಬ ಸಾಲು ಓದಿ. 'ಒಂದು ಡಬಲ್, ಒಂದು ಸೋಫಾ ಬೆಡ್' ಎಂದಿದ್ದರೆ ಆ ಸೋಫಾ ಎಷ್ಟು ಅಗಲ ಎಂದು ಕೇಳಿ. ಎಳೆದು ಬಿಚ್ಚುವ ಸೋಫಾದಲ್ಲಿ ಸೊಂಟದ ಕೆಳಗೆ ಅಡ್ಡವಾಗಿ ಕಬ್ಬಿಣದ ಸರಳು ಸಿಗುತ್ತದೆ. ಆರು ವರ್ಷದವಳಿಗೆ ಪರವಾಗಿಲ್ಲ, ಇಬ್ಬರು ಸೇರಿ ಮಲಗಿದರೆ ಬೆಳಗಿನ ತನಕ ಜಗಳ. ಬಿಚ್ಚಿದ ಮೇಲೆ ರೂಮಿನಲ್ಲಿ ಓಡಾಡಲು ಜಾಗ ಇರುವುದಿಲ್ಲವಾದ್ದರಿಂದ ಬಾತ್‌ರೂಂ ಕೆಲಸ ಮುಗಿಸಿಯೇ ಬಿಚ್ಚಬೇಕು. ಕೆಲವು ಕಡೆ ಅದಕ್ಕೆ ಹೊದಿಕೆ, ದಿಂಬು ತಾವಾಗಿ ಇಡುವುದಿಲ್ಲ, ಕೌಂಟರ್‌ನಲ್ಲಿ ಕೇಳಿ ತರಬೇಕು. ರಾತ್ರಿ ಹನ್ನೊಂದಕ್ಕೆ ನೆನಪಾದರೆ ಕೊಡುವವರು ಇರುವುದಿಲ್ಲ.

ಎರಡು ರೂಂ ತೆಗೆದುಕೊಳ್ಳುವುದಾದರೆ 'ಕನೆಕ್ಟಿಂಗ್' ಎಂದು ಇರಬೇಕು, ನಡುವೆ ಒಳಬಾಗಿಲು ಇರುವುದು ಅದಕ್ಕೆ ಮಾತ್ರ. 'ಅಡ್ಜಾಯ್ನಿಂಗ್' ಎಂದರೆ ಬರೀ ಪಕ್ಕಪಕ್ಕ. ಬಹುತೇಕ ಹೋಟೆಲುಗಳು ಮಕ್ಕಳಿಬ್ಬರನ್ನೇ ಒಂದು ರೂಮಿಗೆ ಬಿಡುವುದಿಲ್ಲವಾದ್ದರಿಂದ ಒಂದೊಂದು ರೂಮಿಗೂ ಒಬ್ಬ ಹಿರಿಯರ ಹೆಸರು ಹಾಕಿ ಬುಕ್ ಮಾಡಬೇಕು. ಕೈಕೂಸು ಇರುವವರು ತೊಟ್ಟಿಲಿಗೆ ಬುಕಿಂಗ್ ಸಮಯದಲ್ಲೇ ಬರೆದು ಒಪ್ಪಿಗೆ ತರಿಸಿಕೊಳ್ಳಿ. ಅದು ಸಾಮಾನ್ಯವಾಗಿ 60 × 120 ಸೆಂಟಿಮೀಟರಿನದ್ದು, ಎರಡು ವರ್ಷ ದಾಟಿದ ಮಗುವಿಗೆ ಸಾಲದು.

ಪ್ರಶ್ನೆ: ಊರಿನ ನಡುವೆ ದುಬಾರಿ ರೂಂ ತೆಗೆದುಕೊಳ್ಳುವುದೋ, ಹೊರಗೆ ಅಗ್ಗದ್ದು ತೆಗೆದುಕೊಂಡು ರೈಲಿನಲ್ಲಿ ಓಡಾಡುವುದೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
– ಶಿಕ್ಷಕಿ, ಮಡಿಕೇರಿ

ಉತ್ತರ: ಎಲ್ಲ ಊರಿಗೂ ಒಂದೇ ಉತ್ತರ ಇಲ್ಲ, ಆ ಊರಿನ ಟಿಕೆಟ್ ಪದ್ಧತಿ ನೋಡಿ ಹೇಳಬೇಕು.

ಪ್ಯಾರಿಸ್‌ನಲ್ಲಿ 2025ರ ಜನವರಿಯಿಂದ ವಲಯದ ಲೆಕ್ಕ ಹೋಯಿತು. ಮೆಟ್ರೊ, ಉಪನಗರ ರೈಲು ಎರಡಕ್ಕೂ ದೂರ ಎಷ್ಟಿದ್ದರೂ ಒಂದೇ ದರ, ಸುಮಾರು ಎರಡೂವರೆ ಯೂರೊ. ವಿಮಾನ ನಿಲ್ದಾಣದ ಟಿಕೆಟ್ ಮಾತ್ರ ಬೇರೆ. 4ರೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, 4ರಿಂದ 9ರ ತನಕ ಅರ್ಧ. ಮೊದಲಾದರೆ ಹೊರಗೆ ಉಳಿದವರಿಗೆ ಟಿಕೆಟ್ಟೇ ಹೊಡೆತ ಕೊಡುತ್ತಿತ್ತು, ಈಗ ಆ ಮಾತಿಲ್ಲ. ಹಾಗಾಗಿ ಆರ್‌ಇಆರ್ ಎಂಬ ಉಪನಗರ ರೈಲಿನ ನಿಲ್ದಾಣದಿಂದ ಐದಾರು ನಿಮಿಷ ನಡಿಗೆಯ ಹೊರವಲಯದ ಹೋಟೆಲ್ ಪ್ಯಾರಿಸ್ ಮಟ್ಟಿಗೆ ಒಳ್ಳೆಯ ಆಯ್ಕೆ. ಡಿಸ್ನಿಲ್ಯಾಂಡಿಗೂ ಹೋಗುವುದಿದ್ದರೆ ಆರ್‌ಇಆರ್ 'ಎ' ಮಾರ್ಗದಲ್ಲೇ ಎಲ್ಲಾದರೂ ಹಿಡಿಯಿರಿ, ಆ ಮಾರ್ಗದ ಒಂದು ಕವಲಿನ ಕೊನೆಯ ನಿಲ್ದಾಣ ಡಿಸ್ನಿ ಗೇಟಿನ ಎದುರೇ. 'ನಿಲ್ದಾಣಕ್ಕೆ 1 ಕಿ.ಮೀ.' ಎಂಬುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸಂಜೆ ಏಳಕ್ಕೆ ಆರು ವರ್ಷದ ಮಗುವನ್ನು ಹೆಗಲ ಮೇಲೆ ಹೊತ್ತು ನಡೆಯುವ ದೂರ ಅದು.

ಆಮ್‌ಸ್ಟರ್‌ಡ್ಯಾಮಿನ ಲೆಕ್ಕವೇ ಬೇರೆ. ಹಲವರು ಪಕ್ಕದ ಹಾರ್ಲೆಮ್‌ನಲ್ಲಿ ಉಳಿದು ದಿನಾ ರೈಲಿನಲ್ಲಿ ಹೋಗುತ್ತಾರೆ. ಊರು ಚೆಂದ, ರೈಲು ಇಪ್ಪತ್ತು ನಿಮಿಷದೊಳಗೆ. ಆದರೆ ಹಿರಿಯರೊಬ್ಬರಿಗೆ ಒಂದು ಕಡೆಗೆ ಐದಾರು ಯೂರೊ ಆಗುತ್ತದೆ. ಇಬ್ಬರು ಹೋಗಿ ಬರಲು ಇಪ್ಪತ್ತರ ಮೇಲೆ, ಮಕ್ಕಳಿಗೆ 4ರಿಂದ 11ರ ತನಕ ಇರುವ ರೈಲ್‌ರನ್ನರ್ ಎಂಬ ದಿನದ ಟಿಕೆಟ್ ತಲೆಗೊಂದರಂತೆ ಎರಡು ಬೇಕು. ರೂಮಿನಲ್ಲಿ ದಿನಕ್ಕೆ ಮೂವತ್ತು ಯೂರೊಗಿಂತ ಹೆಚ್ಚು ಉಳಿದರೆ ಮಾತ್ರ ಹಾರ್ಲೆಮ್ ಲಾಭ. ಪ್ರವಾಸಿ ತೆರಿಗೆಯನ್ನೂ ಈ ಲೆಕ್ಕಕ್ಕೆ ಸೇರಿಸಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ಅದು ತಲೆಗೆ ಇಷ್ಟೆಂದು ಇಲ್ಲ, ಬಾಡಿಗೆಯ ಶೇ 12.5. ಇದರ ಮೇಲೆ ನೆದರ್‌ಲ್ಯಾಂಡ್ಸ್ ಸರಕಾರ 2026ರ ಜನವರಿಯಿಂದ ಹೋಟೆಲ್ ರೂಮಿನ ಜಿಎಸ್‌ಟಿಯಂಥ ತೆರಿಗೆಯನ್ನು ಶೇ 9ರಿಂದ 21ಕ್ಕೆ ಏರಿಸಿದೆ. ಎರಡು ವರ್ಷದ ಹಿಂದೆ ಹೋಗಿ ಬಂದ ನೆಂಟರು ಹೇಳುವ ದರವನ್ನು ನಂಬಿ ಬಜೆಟ್ ಹಾಕಬೇಡಿ.

ವೆನಿಸ್‌ನಲ್ಲಿ ಎರಡು ಮಾತಿಲ್ಲ, ಮಕ್ಕಳಿದ್ದರೆ ದ್ವೀಪದ ಹಳೆಯ ಊರಿನಲ್ಲಲ್ಲ, ದಡದ ಮೇಲಿನ ಮೆಸ್ತ್ರೆಯಲ್ಲಿ ಉಳಿಯಿರಿ. ದ್ವೀಪಕ್ಕೆ ರೈಲಿನಲ್ಲಿ ಹತ್ತು ನಿಮಿಷ. ದ್ವೀಪದ ಒಳಗೆ ಆಟೊ, ಕಾರು ಯಾವುದೂ ಇಲ್ಲ, ಹೆಜ್ಜೆಹೆಜ್ಜೆಗೂ ಮೆಟ್ಟಿಲಿನ ಸೇತುವೆ. ಸೂಟ್‌ಕೇಸು, ಸ್ಟ್ರೋಲರು, ನಿದ್ದೆಗಣ್ಣಿನ ಮಗು ಮೂರನ್ನೂ ಹೊತ್ತು ನಾಲ್ಕು ಸೇತುವೆ ದಾಟುವ ಸಾಹಸಕ್ಕೆ ಹೆಚ್ಚಿನ ಬಾಡಿಗೆ ಬೇರೆ ಯಾಕೆ ಕೊಡಬೇಕು?

ರೋಮ್‌ನಲ್ಲಿ 10 ವರ್ಷದೊಳಗಿನ ಮಕ್ಕಳಿಗೆ ಹಿರಿಯರ ಜೊತೆ ಬಸ್, ಮೆಟ್ರೊ ಉಚಿತ. ಪ್ರಾಗ್‌ನಲ್ಲಿ 15ರೊಳಗೆ ಉಚಿತ, ಆದರೆ 10 ದಾಟಿದ ಮಕ್ಕಳ ಹತ್ತಿರ ವಯಸ್ಸಿನ ದಾಖಲೆ ಇರಬೇಕು. ಇಂಥ ಊರುಗಳಲ್ಲಿ ತುಸು ಹೊರಗೆ ಉಳಿದರೆ ನಷ್ಟವಿಲ್ಲ.

ಪ್ರಶ್ನೆ: ರೋಮ್‌ಗೆ ಹೋದ ಪರಿಚಯದವರು ಆನ್‌ಲೈನಿನಲ್ಲಿ ಪೂರ್ತಿ ಹಣ ಕಟ್ಟಿದ್ದರೂ ಹೋಟೆಲಿನಲ್ಲಿ ಮತ್ತೆ 72 ಯೂರೊ ಕೇಳಿದರಂತೆ. ಇದು ಮೋಸ ಅಲ್ಲವೇ?
– ವಿರಾಜಪೇಟೆ

ಉತ್ತರ: ಅಲ್ಲ, ಅದು ನಗರಸಭೆಯ ಪ್ರವಾಸಿ ತೆರಿಗೆ. ಬುಕಿಂಗ್ ಪುಟದಲ್ಲಿ ಸಣ್ಣಕ್ಷರದಲ್ಲಿ 'ಹೋಟೆಲಿನಲ್ಲಿ ಪಾವತಿಸಬೇಕು' ಎಂದು ಇರುತ್ತದೆ. ರೋಮ್‌ನಲ್ಲಿ 2023ರ ಅಕ್ಟೋಬರಿನಲ್ಲಿ ಏರಿಸಿದ ದರದಂತೆ ತಲೆಗೆ, ರಾತ್ರಿಗೆ, ಒಂದು ನಕ್ಷತ್ರದ ಹೋಟೆಲಿಗೆ 4 ಯೂರೊದಿಂದ ಐದು ನಕ್ಷತ್ರಕ್ಕೆ 10 ಯೂರೊ ತನಕ. ಮೂರು ನಕ್ಷತ್ರಕ್ಕೆ 6. ಹತ್ತು ರಾತ್ರಿಯ ಮೇಲೆ ಲೆಕ್ಕವಿಲ್ಲ, 10 ವರ್ಷದೊಳಗಿನವರಿಗೆ ಇಲ್ಲ. ನಿಮ್ಮ ಪರಿಚಯದವರು ಮೂರು ನಕ್ಷತ್ರದಲ್ಲಿ ತೆರಿಗೆ ಬೀಳುವ ಮೂವರು ನಾಲ್ಕು ರಾತ್ರಿ ಇದ್ದರೆ 72 ಸರಿಯಾಗಿಯೇ ಇದೆ.

ಪ್ಯಾರಿಸ್, ಪ್ರಾಗ್ ಎರಡರಲ್ಲೂ 18ರೊಳಗಿನವರಿಗೆ ಈ ತೆರಿಗೆ ಇಲ್ಲ. ಲಿಸ್ಬನ್‌ನಲ್ಲಿ 13 ತುಂಬಿದವರಿಗೆ ರಾತ್ರಿಗೆ 4 ಯೂರೊ, ಏಳು ರಾತ್ರಿಯ ತನಕ. ಬರ್ಲಿನ್‌ನಲ್ಲಿ 2025ರಿಂದ ಬಾಡಿಗೆಯ ಶೇ 7.5. ತಲೆಲೆಕ್ಕದ ಊರಿನಲ್ಲಿ ಮಕ್ಕಳಿರುವವರಿಗೆ ಅನುಕೂಲ, ಶೇಕಡಾ ಲೆಕ್ಕದ ಊರಿನಲ್ಲಿ ದೊಡ್ಡ ರೂಂ ತೆಗೆದುಕೊಂಡವರಿಗೆ ಹೊಡೆತ.

ಮೋಸ ಇರುವುದು ಬೇರೆ ಕಡೆ. 'ನಿಮ್ಮ ಕಾರ್ಡ್ ದೃಢವಾಗಿಲ್ಲ, 24 ಗಂಟೆಯೊಳಗೆ ಈ ಲಿಂಕ್ ಒತ್ತಿ, ಇಲ್ಲವಾದರೆ ಬುಕಿಂಗ್ ರದ್ದು' ಎಂದು ಹೋಟೆಲಿನ ಹೆಸರಲ್ಲೇ, ನಿಮ್ಮ ತಾರೀಖುಗಳ ಸಮೇತ ಸಂದೇಶ ಬರುತ್ತದೆ. ಹೋಟೆಲಿನವರ ಲಾಗಿನ್ ಕದ್ದವರು ಕಳಿಸುವುದು ಇದು. ಲಿಂಕ್ ಒತ್ತಬೇಡಿ, ಹೋಟೆಲಿನ ಸ್ವಂತ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ.

ಪ್ರಶ್ನೆ: ವೀಸಾ ಬರುವ ಮೊದಲೇ ಹೋಟೆಲ್ ಬುಕ್ ಮಾಡಬೇಕಂತೆ. ಬರದಿದ್ದರೆ ಹಣ ಹೋಯಿತಲ್ಲ? ಸುಮ್ಮನೆ ಬುಕ್ ಮಾಡಿದ ಹಾಗೆ ಕಾಗದ ಮಾಡಿಕೊಡುವವರು ಇದ್ದಾರಂತೆ.
– ಕುಶಾಲನಗರ

ಉತ್ತರ: ಅಂಥ ಕಾಗದದ ತಂಟೆಗೆ ಹೋಗಬೇಡಿ. ಕಾನ್ಸುಲೇಟಿನವರು ಹೋಟೆಲಿಗೇ ಕೇಳಿ ನೋಡಬಹುದು, ಸಿಕ್ಕಿಬಿದ್ದರೆ ಮುಂದಿನ ಅರ್ಜಿಗಳಿಗೂ ಅದೇ ಕಲೆ. ಅದರ ಅಗತ್ಯವೂ ಇಲ್ಲ. 'ಉಚಿತ ರದ್ದತಿ' ಇರುವ ರೂಮನ್ನೇ ಬುಕ್ ಮಾಡಿ, ರದ್ದು ಮಾಡಲು ಇರುವ ಕೊನೆಯ ದಿನ ನಿಮಗೆ ವೀಸಾ ಸಿಗುವ ಅಂದಾಜು ದಿನ ಕಳೆದು ಸಾಕಷ್ಟು ನಂತರ ಇರಲಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಹದಿನೈದು ದಿನ ಮೊದಲಿನ ತನಕ ಹಾಕಬಹುದು. ತೀರ್ಮಾನಕ್ಕೆ 15 ದಿನ ಎನ್ನುತ್ತಾರೆ, 45 ದಿನದ ತನಕ ಎಳೆಯಬಹುದು. ಬೇಸಿಗೆ ರಜೆಗೆ ಮುಂಚೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕುಶಾಲನಗರದಿಂದ ಮಕ್ಕಳನ್ನು ಕರೆದುಕೊಂಡು ಹೋಗಿ ಕಾಗದ ಕಡಿಮೆಯಾಯಿತೆಂದು ವಾಪಸ್ ಬರುವುದು ಯಾರಿಗೂ ಬೇಡ.

ಬುಕಿಂಗ್ ಕಾಗದದಲ್ಲಿ ನಾಲ್ವರ ಹೆಸರೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ಬಹುತೇಕ ವೆಬ್‌ಸೈಟುಗಳು ಬುಕ್ ಮಾಡಿದವರ ಹೆಸರೊಂದನ್ನೇ ಅಚ್ಚು ಹಾಕುತ್ತವೆ. ಹೋಟೆಲಿಗೆ ಇಮೇಲ್ ಕಳಿಸಿ ಉಳಿದ ಹೆಸರು ಸೇರಿಸಿದ ದೃಢೀಕರಣ ತರಿಸಿಕೊಳ್ಳಿ. ನಮ್ಮಲ್ಲಿ ಮನೆಹೆಸರು ಮುಂದೆ ಬರುವುದರಿಂದ ಅಪ್ಪನ ಕಾಗದದಲ್ಲಿ ಒಂದು ರೀತಿ, ಮಗಳ ಕಾಗದದಲ್ಲಿ ಇನ್ನೊಂದು ರೀತಿ ಆಗುವುದು ಸಾಮಾನ್ಯ, ಅದನ್ನು ಮೊದಲೇ ನೋಡಿಕೊಳ್ಳಿ. ಒಂದು ರಾತ್ರಿಯೂ ಖಾಲಿ ಬಿಡಬೇಡಿ. ರಾತ್ರಿ ರೈಲಿನಲ್ಲಿ ಹೋಗುವುದಾದರೆ ಆ ಟಿಕೆಟ್ ಇಡಿ. ಹೆಚ್ಚು ರಾತ್ರಿ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ, ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂದು ಬೇರೆ ದೇಶಕ್ಕೆ ಹಾಕಿ ಆಮೇಲೆ ಹೋಟೆಲುಗಳನ್ನೆಲ್ಲ ಬದಲಿಸುವವರಿದ್ದಾರೆ. ಗಡಿಯಲ್ಲಿ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಶುಲ್ಕ ಹಿರಿಯರಿಗೆ 90 ಯೂರೊ, 6 ತುಂಬಿ 12 ತುಂಬದ ಮಕ್ಕಳಿಗೆ 45, 6ರೊಳಗೆ ಇಲ್ಲ, ಅರ್ಜಿ ಕೇಂದ್ರದ ಸೇವಾ ಶುಲ್ಕ ಪ್ರತ್ಯೇಕ. ಪ್ರತಿಯೊಬ್ಬರಿಗೂ ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಬೇಕು. ಬ್ರಿಟನ್ನಿಗೆ ಈ ವೀಸಾ ನಡೆಯುವುದಿಲ್ಲ.

ಪ್ರಶ್ನೆ: ನಮ್ಮ ಅತ್ತೆಗೆ ಮೂರು ದಿನ ಬ್ರೆಡ್ ತಿಂದರೆ ನಾಲ್ಕನೇ ದಿನ ಊರಿಗೆ ಹೋಗೋಣ ಅನ್ನುತ್ತಾರೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಬೇಕೆಂದಿದ್ದೇವೆ. ಏನೇನು ನೋಡಬೇಕು? ಮನೆಯಿಂದ ಏನು ಒಯ್ಯಬಹುದು?
– ಗೃಹಿಣಿ, ಗೋಣಿಕೊಪ್ಪ

ಉತ್ತರ: ಐವರು ಆರು ಮಂದಿ ಇದ್ದು, ಒಂದೇ ಊರಿನಲ್ಲಿ ನಾಲ್ಕೈದು ರಾತ್ರಿ ಇರುವುದಾದರೆ ಅಪಾರ್ಟ್‌ಮೆಂಟ್ ಒಳ್ಳೆಯದು. ಎರಡು ರಾತ್ರಿಗೆ ಬೇಡ. ಕಾರಣ ಕ್ಲೀನಿಂಗ್ ಚಾರ್ಜು. ರಾತ್ರಿಗೆ 120 ಯೂರೊ ಎಂದು ತೋರಿಸಿ ಕೊನೆಗೆ 80 ಯೂರೊ ಕ್ಲೀನಿಂಗ್ ಸೇರಿಸಿದರೆ, ಎರಡು ರಾತ್ರಿಗೆ ಲೆಕ್ಕ ಹಾಕಿದಾಗ ರಾತ್ರಿಗೆ 160 ಆಯಿತು. ಐದು ರಾತ್ರಿಗಾದರೆ 136. ಯಾವಾಗಲೂ ಒಟ್ಟು ಮೊತ್ತವನ್ನು ರಾತ್ರಿಗೆ ಭಾಗಿಸಿ ಹೋಲಿಸಿ.

ಮನೆ ಕಾನೂನಿನ ಪ್ರಕಾರ ಇದೆಯೇ ಎಂಬುದು ಎರಡನೆಯದು. ಪ್ಯಾರಿಸ್‌ನಲ್ಲಿ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಬೇಕು. ಇಟಲಿಯಲ್ಲಿ 2025ರಿಂದ 'ಸಿಐಎನ್' ಸಂಖ್ಯೆ ಕಡ್ಡಾಯ. ಬಾರ್ಸಿಲೋನಾದಲ್ಲಿ 'ಎಚ್‌ಯುಟಿಬಿ' ಎಂದು ಶುರುವಾಗುವ ಪರವಾನಗಿ ನಂಬರ್ ಇರುತ್ತದೆ. ನಂಬರ್ ಇಲ್ಲದ ಮನೆ ಎಷ್ಟೇ ಚೆಂದವಿದ್ದರೂ ಬಿಡಿ. ಹೊರಡುವ ಹಿಂದಿನ ವಾರ ರದ್ದಾಗುವುದು ಅಂಥವೇ. ವೆಬ್‌ಸೈಟ್ ಬಿಟ್ಟು ಬ್ಯಾಂಕಿಗೆ ನೇರ ಹಣ ಹಾಕಿ ಎನ್ನುವವರ ಜೊತೆ ಮಾತೇ ಬೇಡ. ಇವೆಲ್ಲ ತಲೆನೋವು ಬೇಡ ಎಂದರೆ ಅಡಾಜಿಯೊ, ಸಿಟಡೀನ್ಸ್‌ನಂಥ ಅಪಾರ್ಟ್‌ಹೋಟೆಲ್ ನೋಡಿ. ಕೌಂಟರಿನಲ್ಲಿ ಜನ ಇರುತ್ತಾರೆ, ಒಳಗೆ ಪುಟ್ಟ ಅಡುಗೆಮನೆ ಇರುತ್ತದೆ.

ಇನ್ನು ಒಲೆ. ಇಂಡಕ್ಷನ್ ಆದರೆ ಊರಿನಿಂದ ಒಯ್ದ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ತಳಕ್ಕೆ ಮ್ಯಾಗ್ನೆಟ್ ಅಂಟುವ ಪಾತ್ರೆ ಬೇಕು. ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ತೆಗೆದು ಮನೆಯಲ್ಲೇ ಪರೀಕ್ಷಿಸಿ. ದೊಡ್ಡ ಅಪಾಯ ಒಗ್ಗರಣೆ. ಒಂದೇ ಕೋಣೆಯಲ್ಲಿ ಒಲೆ, ಮಂಚ ಎರಡೂ ಇರುವಾಗ ಸ್ಮೋಕ್ ಅಲಾರಂ ತಲೆಯ ಮೇಲೇ ಇರುತ್ತದೆ. ಎಣ್ಣೆ ಹೊಗೆಯಾಡುವ ತನಕ ಕಾಯಿಸಿ ಒಣಮೆಣಸು ಹಾಕಿದಿರೋ, ಅಲಾರಂ ಕೂಗಿ ಇಡೀ ಕಟ್ಟಡದವರು ಬೀದಿಗಿಳಿಯುತ್ತಾರೆ. ಕೆಲವು ಕಡೆ ಅದರ ಖರ್ಚನ್ನು ನಿಮ್ಮ ಡೆಪಾಸಿಟ್‌ನಿಂದ ಹಿಡಿಯುತ್ತಾರೆ. ಅಲಾರಂಗೆ ಪ್ಲಾಸ್ಟಿಕ್ ಕಟ್ಟುವ ಉಪಾಯ ಮಾಡಬೇಡಿ, ಅದು ಅಪರಾಧವೂ ಹೌದು, ಅಪಾಯವೂ ಹೌದು. ಒಗ್ಗರಣೆಯನ್ನು ಮನೆಯಲ್ಲೇ ಮಾಡಿ ಆರಿಸಿ ಡಬ್ಬಿಗೆ ಹಾಕಿ ಒಯ್ಯಿರಿ. ಅನ್ನ, ಬೇಳೆ, ತರಿ ಹಾಕಿ ಹಬೆಯಲ್ಲಿ ಬೇಯಿಸುವ ಕಡಂಬುಟ್ಟು, ಪಾಪುಟ್ಟು ಇವಕ್ಕೆ ಹೊಗೆಯ ತೊಂದರೆಯಿಲ್ಲ. ಅಕ್ಕಿ ಅಲ್ಲಿನ ಸೂಪರ್‌ಮಾರ್ಕೆಟಿನಲ್ಲಿ ಸಿಗುತ್ತದೆ, ತರಿ ಸಿಗುವುದಿಲ್ಲ, ಒಂದು ಕಿಲೊ ಒಯ್ಯಿರಿ.

ಕಸ್ಟಮ್ಸ್ ವಿಷಯ ಗಮನವಿಟ್ಟು ಓದಿ. ಯುರೋಪಿಯನ್ ಯೂನಿಯನ್ನಿಗೆ ಹೊರಗಿನಿಂದ ಮಾಂಸ, ಹಾಲು, ಅವುಗಳಿಂದ ಮಾಡಿದ್ದು ಯಾವುದನ್ನೂ ಪ್ರಯಾಣಿಕರು ಒಯ್ಯುವಂತಿಲ್ಲ. ಪಂದಿಕರಿ ಎಷ್ಟು ಹುರಿದು ಪ್ಯಾಕ್ ಮಾಡಿದ್ದರೂ ಇಲ್ಲ, ಒಣಗಿಸಿದ ಮಾಂಸವೂ ಇಲ್ಲ, ತುಪ್ಪವೂ ಇಲ್ಲ. ಕೂಸಿನ ಹಾಲಿನಪುಡಿಗೆ ವಿನಾಯಿತಿ ಇದೆ, ಕಂಪನಿಯ ಸೀಲ್ ಇರುವ ಡಬ್ಬಿ, ತಲೆಗೆ 2 ಕಿಲೊ ತನಕ. ಜೇನುತುಪ್ಪವೂ ತಲೆಗೆ 2 ಕಿಲೊ ತನಕ ಬಿಡುತ್ತಾರೆ, ಅಲ್ಲಿರುವ ನೆಂಟರಿಗೆ ಧೈರ್ಯವಾಗಿ ಒಯ್ಯಬಹುದು. ಕೊಡಗಿನ ಕಿತ್ತಳೆ, ಹಸಿ ಕರಿಬೇವು, ಹಸಿಮೆಣಸು ಬೇಡ. ತಾಜಾ ಹಣ್ಣು ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರಕ್ಕೆ ಆ ಪತ್ರ ಬೇಡ. ಕಾಫಿಪುಡಿ, ಒಣ ಕರಿಮೆಣಸು, ಚಟ್ನಿಪುಡಿ, ಉಪ್ಪಿನಕಾಯಿಗೆ ಅಡ್ಡಿಯಿಲ್ಲ. ಕಾಚಂಪುಳಿ ದ್ರವವಾದ್ದರಿಂದ ಕೈಚೀಲದಲ್ಲಿ 100 ಮಿಲಿಲೀಟರ್ ದಾಟಬಾರದು. ಚೆಕ್-ಇನ್ ಸೂಟ್‌ಕೇಸಿನಲ್ಲಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಇಡಿ, ಸೋರಿದರೆ ಬಿಳಿ ಅಂಗಿಗಳ ಕಥೆ ಮುಗಿದ ಹಾಗೆಯೇ.

ಪ್ರಶ್ನೆ: ಅಮ್ಮನಿಗೆ 72, ಮಂಡಿನೋವು. 'ಲಿಫ್ಟ್ ಇದೆ' ಎಂದು ಇದ್ದರೆ ಸಾಕೇ?
– ನಾಪೋಕ್ಲು

ಉತ್ತರ: ಸಾಲದು. ಹಳೆಯ ಕಟ್ಟಡಗಳಿಗೆ ಆಮೇಲೆ ಲಿಫ್ಟ್ ಕೂರಿಸಿದ್ದಾರೆ. ಕೆಲವು ಕಡೆ ಬಾಗಿಲಿನಿಂದ ಏಳೆಂಟು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಶುರು, ಕೆಲವು ಕಡೆ ಅದು ಎರಡು ಮಹಡಿಯ ನಡುವಿನ ತಿರುವಿನಲ್ಲಿ ನಿಲ್ಲುತ್ತದೆ. ಒಳಗೆ ಇಬ್ಬರು ನಿಂತರೆ ಸೂಟ್‌ಕೇಸಿಗೆ ಜಾಗವಿಲ್ಲ. ಇಮೇಲ್‌ನಲ್ಲಿ ಹೀಗೆ ಕೇಳಿ: ರಸ್ತೆಯಿಂದ ರೂಮಿನ ಬಾಗಿಲಿನ ತನಕ ಒಟ್ಟು ಎಷ್ಟು ಮೆಟ್ಟಿಲು? 'ಇಲ್ಲ' ಎಂದೋ 'ಆರು' ಎಂದೋ ನೇರ ಉತ್ತರ ಬರುತ್ತದೆ. ಎರಡನೆಯ ಪ್ರಶ್ನೆ, ಸ್ನಾನಕ್ಕೆ ಬಾತ್‌ಟಬ್ಬೋ, ನೆಲಮಟ್ಟದ ಶವರೋ? ಟಬ್ಬಿನ ಅಂಚು ಒಂದೂವರೆ ಅಡಿಗಿಂತ ಎತ್ತರ ಇರಬಹುದು, ಹಿಡಿಯಲು ಏನೂ ಇರುವುದಿಲ್ಲ, ಒದ್ದೆಯಾದರೆ ಜಾರುತ್ತದೆ. ಮಂಡಿನೋವಿನವರು ಬೀಳುವುದು ಅಲ್ಲೇ.

ಹೋಟೆಲಿನ ಹತ್ತಿರ ಮೆಟ್ರೊ ಇದ್ದರೆ ಸಾಲದು, ಆ ನಿಲ್ದಾಣಕ್ಕೆ ಲಿಫ್ಟ್ ಇರಬೇಕು. ಪ್ಯಾರಿಸ್ ಮೆಟ್ರೊದಲ್ಲಿ 14ನೇ ಮಾರ್ಗ ಬಿಟ್ಟರೆ ಹೆಚ್ಚಿನ ನಿಲ್ದಾಣಗಳಲ್ಲಿ ಮೆಟ್ಟಿಲೇ ಗತಿ. ಅಲ್ಲಿ ಬಸ್ ನಿಲ್ದಾಣ ಹತ್ತಿರವಿರುವ ಹೋಟೆಲ್ ನೋಡಿ, ಬಸ್ಸಿನಲ್ಲಿ ಕೂತರೆ ಊರೂ ಕಾಣುತ್ತದೆ. ಹಿರಿಯರ ಜೊತೆ ಮೊದಲ ಸಲ ಹೋಗುವವರಿಗೆ ನಮ್ಮ ಆಯ್ಕೆ ವಿಯೆನ್ನಾ. ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಹೊಸ ಟ್ರಾಮುಗಳಿಗೆ ಹತ್ತಲು ಮೆಟ್ಟಿಲೇ ಇಲ್ಲ. ಒಂದು ಚೊಂಬನ್ನು ಸೂಟ್‌ಕೇಸಿಗೆ ಹಾಕಿಕೊಳ್ಳಿ, ಯಾಕೆಂದು ಅಮ್ಮನಿಗೆ ಗೊತ್ತು.

ಪ್ರಶ್ನೆ: ಏಪ್ರಿಲ್-ಮೇ, ಇಲ್ಲವೇ ಅಕ್ಟೋಬರಿನ ದಸರಾ ರಜೆ, ಯಾವಾಗ ರೂಂ ಅಗ್ಗ? ಎಸಿ ಬೇಕಾಗುತ್ತದೆಯೇ?
– ಸೋಮವಾರಪೇಟೆ

ಉತ್ತರ: ಎರಡೂ ಜುಲೈ-ಆಗಸ್ಟ್‌ಗಿಂತ ವಾಸಿ. ಆದರೆ ತಾರೀಖು ನೋಡಿ ಹೆಜ್ಜೆಯಿಡಿ. ಏಪ್ರಿಲ್‌ನಲ್ಲಿ ಈಸ್ಟರ್ ವಾರ ಬಂದರೆ ಎಲ್ಲ ಕಡೆ ದರ ಏರುತ್ತದೆ. ಆಮ್‌ಸ್ಟರ್‌ಡ್ಯಾಮಿಗೆ ಟ್ಯುಲಿಪ್ ಹೂವಿನ ಕಾಲವೂ ಅದೇ, ಏಪ್ರಿಲ್ 27ರ ಸುಮಾರಿಗೆ ಅಲ್ಲಿನ ರಾಜನ ಹಬ್ಬ. ಆ ಎರಡು ಮೂರು ದಿನ ಮಕ್ಕಳನ್ನು ಕರೆದುಕೊಂಡು ಆ ಊರಿನಲ್ಲಿ ಇರಲೇಬೇಡಿ. ಅಕ್ಟೋಬರ್ ಮೊದಲ ವಾರಾಂತ್ಯದ ಸುಮಾರಿಗೆ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಮುಗಿಯುತ್ತದೆ, ತಿಂಗಳ ನಡುವೆ ಫ್ರಾಂಕ್‌ಫರ್ಟ್ ಪುಸ್ತಕ ಮೇಳ. ಬೆಂಗಳೂರಿನಿಂದ ನೇರ ವಿಮಾನ ಇಳಿಯುವ ಊರುಗಳಲ್ಲಿ ಇವೂ ಸೇರಿರುವುದರಿಂದ ಬಹಳ ಜನ ತಿಳಿಯದೆ ಆ ದರಕ್ಕೆ ಸಿಕ್ಕಿಬೀಳುತ್ತಾರೆ. ಬ್ರಸೆಲ್ಸ್ ತದ್ವಿರುದ್ಧ. ವಾರದ ದಿನ ಅಧಿಕಾರಿಗಳಿಂದ ತುಂಬಿ, ಶುಕ್ರವಾರದಿಂದ ಭಾನುವಾರದ ತನಕ ಹೋಟೆಲುಗಳು ಖಾಲಿ ಹೊಡೆಯುತ್ತವೆ, ದರವೂ ಇಳಿಯುತ್ತದೆ. ಪ್ಯಾರಿಸ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ.

ಏಪ್ರಿಲ್, ಅಕ್ಟೋಬರಿನಲ್ಲಿ ಎಸಿ ಬೇಡ. ಜೂನ್ ಮಧ್ಯದಿಂದ ಆಗಸ್ಟ್ ತನಕ ಬೇಕೇ ಬೇಕು, ಪ್ಯಾರಿಸ್‌ನಲ್ಲಿ 2019ರ ಜುಲೈ 25ರಂದು 42.6 ಡಿಗ್ರಿ ಆಗಿತ್ತು. ಅಗ್ಗದ ಹೋಟೆಲುಗಳಲ್ಲಿ ಎಸಿಯೂ ಇರುವುದಿಲ್ಲ, ಫ್ಯಾನೂ ಇರುವುದಿಲ್ಲ.

ಪ್ರಶ್ನೆ: ವಿಮಾನ ಬೆಳಿಗ್ಗೆ ಇಳಿಯುತ್ತದೆ, ರೂಂ ಮಧ್ಯಾಹ್ನ ಮೂರಕ್ಕೆ. ಆ ತನಕ ಮಕ್ಕಳನ್ನು ಎಲ್ಲಿ ಇಟ್ಟುಕೊಳ್ಳುವುದು?
– ಪೊನ್ನಂಪೇಟೆ

ಉತ್ತರ: ಹೋಟೆಲಿಗೇ ಹೋಗಿ ಲಗೇಜ್ ಇಡಿ, ಹೆಚ್ಚಿನ ಕಡೆ ಅದಕ್ಕೆ ಹಣವಿಲ್ಲ. ಖಾಸಗಿ ಅಪಾರ್ಟ್‌ಮೆಂಟಿನಲ್ಲಿ ಈ ಅನುಕೂಲ ಇಲ್ಲ, ನಿಲ್ದಾಣದ ಲಾಕರಿಗೆ ಹಣ ಕೊಡಬೇಕು. ಮೊದಲ ದಿನಕ್ಕೆ ಹೋಟೆಲನ್ನೇ ಹಿಡಿಯುವುದು ಜಾಣತನ. ಮಕ್ಕಳ ಒಂದು ಜೊತೆ ಬಟ್ಟೆ, ಜರ್ಕಿನ್ ಮೇಲಿನ ಚೀಲದಲ್ಲೇ ಇರಲಿ, ಪಕ್ಕದ ಪಾರ್ಕಿನಲ್ಲಿ ಹೊತ್ತು ಕಳೆಯಿರಿ, ಮ್ಯೂಸಿಯಂ ಟಿಕೆಟ್ ಅವತ್ತಿಗೆ ತೆಗೆಯಬೇಡಿ. ಪ್ಯಾರಿಸ್, ರೋಮ್‌ಗಳಿಗಿಂತ ನಮ್ಮ ಗಡಿಯಾರ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದೆ. ಹಾಗಾಗಿ ಮರುದಿನ ಬೆಳಗಿನ ಜಾವ ಮೂರು, ನಾಲ್ಕಕ್ಕೇ ಮಕ್ಕಳು ಎದ್ದು ಹಸಿವು ಎನ್ನುತ್ತಾರೆ. ತಿಂಡಿ ಕೌಂಟರ್ ತೆರೆಯುವುದು ಆರೂವರೆ ಏಳಕ್ಕೆ. ರೂಮಿನಲ್ಲಿ ಕೆಟಲ್ ಇದೆಯೇ ಕೇಳಿಕೊಳ್ಳಿ. ಬ್ರಿಟನ್ನಿನಲ್ಲಿ ಇದ್ದೇ ಇರುತ್ತದೆ ಎನ್ನಬಹುದು, ಫ್ರಾನ್ಸ್, ಇಟಲಿಯ ಅಗ್ಗದ ಹೋಟೆಲುಗಳಲ್ಲಿ ಬಹಳ ಕಡೆ ಇರುವುದಿಲ್ಲ. ಸಣ್ಣ ಟ್ರಾವೆಲ್ ಕೆಟಲ್ ಒಯ್ಯುವುದಾದರೆ ಎರಡು ದುಂಡು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಬೇಕು, ಬ್ರಿಟನ್ನಿನ ಪ್ಲಗ್ ಬೇರೆಯೇ.

ಪ್ರಶ್ನೆ: ಮೊದಲೇ ವಿದೇಶಿ ಹಣ ತುಂಬಿಸಿದ ಫೋರೆಕ್ಸ್ ಕಾರ್ಡ್ ಒಂದೇ ಇದ್ದರೆ ಹೋಟೆಲಿನಲ್ಲಿ ನಡೆಯುತ್ತದೆಯೇ?
– ಸಿದ್ದಾಪುರ

ಉತ್ತರ: ಬಿಲ್ ಕಟ್ಟಲು ನಡೆಯುತ್ತದೆ. ಡೆಪಾಸಿಟ್‌ಗೆ ಕೆಲವರು ಕ್ರೆಡಿಟ್ ಕಾರ್ಡೇ ಕೇಳುತ್ತಾರೆ. ಫೋರೆಕ್ಸ್ ಕಾರ್ಡ್ ಒಪ್ಪಿಕೊಂಡರೂ ತಡೆಹಿಡಿದ ನೂರು ಇನ್ನೂರು ಯೂರೊ ನೀವು ಹೊರಟ ಮೇಲೂ ಹಲವು ದಿನ ಬಿಡುಗಡೆಯಾಗುವುದಿಲ್ಲ, ಮುಂದಿನ ಊರಿನಲ್ಲಿ ಕೈ ಕಟ್ಟಿದಂತಾಗುತ್ತದೆ. ಬುಕ್ ಮಾಡಿದವರ ಹೆಸರಿನ ಒಂದು ಕ್ರೆಡಿಟ್ ಕಾರ್ಡನ್ನು ಡೆಪಾಸಿಟ್‌ಗೆಂದೇ ಇಟ್ಟುಕೊಳ್ಳಿ. ಯಂತ್ರದಲ್ಲಿ 'ರೂಪಾಯಿಯಲ್ಲೋ, ಯೂರೊದಲ್ಲೋ' ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹಾಕಿದ್ದೇ ಆಗುತ್ತದೆ. ಉಚಿತ ರದ್ದತಿಯ ಗಡುವು ಎಣಿಸುವುದು ಹೋಟೆಲ್ ಇರುವ ಊರಿನ ಗಡಿಯಾರದ ಪ್ರಕಾರ, ಗಡುವಿನ ಹಿಂದಿನ ದಿನವೇ ತೀರ್ಮಾನ ಮಾಡಿಬಿಡಿ.